ಪಾತ್ರದ ಗುಟ್ಟು ಯಾರಿಂದ ಮುಚ್ಚಿಡಬೇಕು?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬಳ್ಳಾರಿಯವನು. ಪ್ರತಿ ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೇಮ್ ಮಾಸ್ಟರ್ ನಾನೇ. ನಮ್ಮ ಕಥೆ 1520ರ ರಾಯಚೂರು ಯುದ್ಧಕ್ಕೆ ಸ್ವಲ್ಪ ಮುಂಚಿನದು. ಎಲ್ಲ ಪಾತ್ರಗಳೂ ವಿಜಯನಗರದ ಕಡೆಯವು. ಒಬ್ಬ ಗೆಳೆಯನ ಪಾತ್ರ ಕುದುರೆ ವ್ಯಾಪಾರಿ, ಆದರೆ ಒಳಗೊಳಗೇ ಬಿಜಾಪುರದ ಗೂಢಚಾರ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವನ ಜೊತೆ ಮಾತಾಡಲು ಕೆಳಗೆ ಕರೆದುಕೊಂಡು ಹೋದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ವಾಟ್ಸಾಪ್ ಮಾಡಿದರೆ ಎಲ್ಲರ ಕಣ್ಣೂ ಅವನ ಫೋನ್ ಮೇಲೆ. ಹೋದ ತಿಂಗಳು ಅವನಿಗೆ ಕಳಿಸಬೇಕಾದ ಮೆಸೇಜ್ ತಪ್ಪಿ ಗ್ರೂಪಿಗೆ ಹೋಯಿತು. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಒಬ್ಬ ಓದಿಬಿಟ್ಟಿದ್ದ. ಆವತ್ತಿನಿಂದ ಅವನ ಪಾತ್ರ ಕುದುರೆ ವ್ಯಾಪಾರಿಯ ಬೆನ್ನು ಬಿಡುತ್ತಿಲ್ಲ. ಸಾಲದ್ದಕ್ಕೆ ನನ್ನ ತಂಗಿಯೂ ಆಡುತ್ತಾಳೆ. ಮನೆಯಲ್ಲಿ ನನ್ನ ನೋಟ್‌ಬುಕ್ ತೆಗೆದು ಓದುತ್ತಾಳೆ. ಗುಟ್ಟು ಕಾಪಾಡುವುದು ಹೇಗೆ?

ಉತ್ತರ: ನೀವು ಅಕ್ಕ ಅಂತ ಕರೆದಿದ್ದೀರಿ. ಅಕ್ಕನ ಹಾಗೆಯೇ ನೇರವಾಗಿ ಕೇಳುತ್ತೇನೆ. ಈ ಗುಟ್ಟನ್ನು ಯಾರಿಂದ ಮುಚ್ಚಿಡಬೇಕು ಅಂತ ಯೋಚನೆ ಮಾಡಿದ್ದೀರಾ? ಉಳಿದ ಪಾತ್ರಗಳಿಂದಲೋ, ಆ ಪಾತ್ರಗಳನ್ನು ಆಡುವ ಗೆಳೆಯರಿಂದಲೋ? ಇವೆರಡೂ ಬೇರೆ ಬೇರೆ ಕೆಲಸ. ಮೊದಲನೆಯದು ಆಟದ ಭಾಗ, ಬೇಕೇ ಬೇಕು. ಎರಡನೆಯದು ಬಹಳ ಸಲ ಬೇಡ. ನೀವು ಇಷ್ಟು ದಣಿದಿರುವುದು ಎರಡನೆಯದನ್ನು ಹೊತ್ತಿರುವುದರಿಂದ ಅಂತ ನನಗೆ ಅನ್ನಿಸುತ್ತದೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಂದು ಟೇಬಲ್ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಗೇಮ್ ಮಾಸ್ಟರ್ ಆದವರು ಊರು, ಕೋಟೆ, ದಾರಿಹೋಕರು ಎಲ್ಲವನ್ನೂ ಮಾತಿನಲ್ಲೇ ಕಟ್ಟಿಕೊಡುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ ಮೇಲೆ ಈ ಬಗೆಯ ಆಟ ಬೆಳೆಯಿತು. ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ಇಸ್ಪೀಟಿನಲ್ಲಿ ನಿಮ್ಮ ಎಲೆ ನಾನು ನೋಡಬಾರದು, ಯಾಕೆಂದರೆ ನಾವು ಎದುರಾಳಿಗಳು. ಈ ಆಟದಲ್ಲಿ ಪಾತ್ರಗಳು ಎದುರಾಳಿಗಳಾಗಬಹುದು, ಆಡುವವರು ಮಾತ್ರ ಒಂದೇ ಪಂಗಡ. ಗುಟ್ಟಿನ ತೊಡಕೆಲ್ಲ ಇಲ್ಲಿಂದಲೇ ಶುರು.

ನಮ್ಮ ಕಡೆಯ ದೊಡ್ಡಾಟ ನೋಡಿದ್ದೀರಲ್ಲ? ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಮಾತಾಡಿಸುತ್ತಾನೆ. ತಾವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುತ್ತಾನೆ. ಪಾತ್ರ ತನ್ನ ಹೆಸರು, ಬಂದ ಕಾರಣ ಎಲ್ಲ ಹೇಳಿಕೊಳ್ಳುತ್ತದೆ. ರಾವಣ ಸನ್ಯಾಸಿಯ ವೇಷದಲ್ಲಿ ಭಿಕ್ಷೆಗೆ ನಿಂತಾಗ ಬಯಲಲ್ಲಿ ಕೂತ ಸಣ್ಣ ಹುಡುಗನಿಗೂ ಅವನು ಯಾರೆಂದು ಗೊತ್ತು. ಸೀತೆಗೆ ಮಾತ್ರ ಗೊತ್ತಿಲ್ಲ. ನಿದ್ದೆಗಣ್ಣಿನ ಹುಡುಗ ಎದ್ದು ಕೂರುವುದು ಆಗಲೇ. ಅವನಿಗೆ ಗುಟ್ಟು ತಿಳಿದಿದೆ, ಅದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಟೇಬಲ್ ಸುತ್ತ ಕೂತವರು ಏಕಕಾಲಕ್ಕೆ ಸೀತೆಯೂ ಹೌದು, ಆ ಹುಡುಗನೂ ಹೌದು. ಗುಟ್ಟನ್ನು ಗೆಳೆಯರಿಂದಲೂ ಮುಚ್ಚಿಟ್ಟರೆ ಆ ಹುಡುಗನ ಪಾಲಿನ ಸುಖವನ್ನು ಅವರಿಂದ ಕಿತ್ತುಕೊಂಡ ಹಾಗೆ.

ಇದು ನನಗೆ ತಿಳಿದದ್ದು ಒಂದು ನೋವಿನ ಪ್ರಸಂಗದಿಂದ. ರಾಯಚೂರಿನಲ್ಲಿ ನಾನು ಆಟ ನಡೆಸಲು ಶುರುಮಾಡಿ 12 ವರ್ಷ ಆಯಿತು. ನಾಲ್ಕನೆಯ ವರ್ಷ ಒಂದು ಉದ್ದ ಕಥೆ ನಡೆದಿತ್ತು. ಒಬ್ಬ ಗೆಳತಿಯ ಪಾತ್ರ ತನ್ನ ತಮ್ಮನನ್ನು ಕೊಂದವನನ್ನು ಹುಡುಕುತ್ತಿತ್ತು. ಕೊಂದವನು ಅವಳ ಪಕ್ಕದಲ್ಲೇ ನಡೆಯುತ್ತಿದ್ದ ಇನ್ನೊಂದು ಪಾತ್ರ. ಅದನ್ನು ಆಡುವ ಗೆಳೆಯನಿಗೂ ನನಗೂ ಗೊತ್ತಿತ್ತು. ಒಂದು ವರ್ಷದ ಮೇಲೆ ಆ ಗುಟ್ಟನ್ನು ಕಾಪಾಡಿದೆವು. ಎಲ್ಲೂ ಸೋರಲಿಲ್ಲ. ಕೊನೆಗೆ ಬಯಲಾದ ದಿನ ಅವಳು ಬೆರಗಾಗಿ ಚಪ್ಪಾಳೆ ಹೊಡೆಯುತ್ತಾಳೆ ಅಂತ ನಾವು ಕಾಯುತ್ತಿದ್ದೆವು. ಅವಳು ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, ‘ನಾನು ಆ ತಮ್ಮನಿಗಾಗಿ ಎಷ್ಟು ವಾರ ಅತ್ತಿದ್ದೀನಿ. ನೀವಿಬ್ಬರೂ ಅದನ್ನು ಕೂತು ನೋಡಿದ್ರಲ್ಲ?’ ಅಂದಳು. ಎರಡು ತಿಂಗಳು ಆಟಕ್ಕೆ ಬರಲಿಲ್ಲ.

ಅವಳ ಮಾತು ನೂರಕ್ಕೆ ನೂರು ಸರಿ. ಅವಳ ಪಾತ್ರಕ್ಕೆ ಮೋಸ ಆಗಿದ್ದು ಕಥೆ. ಅವಳಿಗೇ ಮೋಸ ಆಗಿದ್ದು ನನ್ನ ತಪ್ಪು. ಮೊದಲೇ ಹೇಳಿದ್ದರೆ ಅವಳು ಆ ಕೊಲೆಗಾರನ ತಟ್ಟೆಗೆ ತಾನೇ ರೊಟ್ಟಿ ಹಾಕುವ ದೃಶ್ಯವನ್ನು ಬೇಕಂತಲೇ ಆಡುತ್ತಿದ್ದಳು. ‘ನೀನು ನನ್ನ ತಮ್ಮನ ಹಾಗೇ ಇದ್ದೀಯ’ ಅಂತ ಅವನಿಗೆ ಹೇಳುತ್ತಿದ್ದಳು. ಅಂಥ ಹತ್ತು ದೃಶ್ಯಗಳನ್ನು ನಾವು ಕಳೆದುಕೊಂಡೆವು. ಅವಳು ಈಗಲೂ ನನ್ನ ಟೇಬಲ್‌ನಲ್ಲಿ ಆಡುತ್ತಾಳೆ. ಆ ದಿನ ಅವಳು ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಇವತ್ತಿಗೂ ಋಣಿ.

ಹಾಗಂತ ಎಲ್ಲ ಗುಟ್ಟನ್ನೂ ಬಯಲು ಮಾಡಿ ಅನ್ನುತ್ತಿಲ್ಲ. ನಿಜವಾಗಿ ಬೆರಗಾಗುವ ಸುಖವೂ ದೊಡ್ಡದು. ಅದನ್ನೇ ನೆಚ್ಚಿಕೊಂಡ ಆಟಗಳೂ ಇವೆ. 1984ರಲ್ಲಿ ಬಂದ ಪ್ಯಾರಾನೋಯಾ ಅನ್ನುವ ಆಟದಲ್ಲಿ ಪ್ರತಿ ಪಾತ್ರವೂ ಒಂದು ಗುಪ್ತ ಸಂಘದ ಸದಸ್ಯ, ಪ್ರತಿ ಪಾತ್ರಕ್ಕೂ ಬಚ್ಚಿಟ್ಟ ಒಂದು ವಿಚಿತ್ರ ಶಕ್ತಿ. ಎರಡೂ ಅಲ್ಲಿ ಘೋರ ಅಪರಾಧ. ಆದರೆ ಎಲ್ಲರಿಗೂ ಗುಟ್ಟಿದೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಒಪ್ಪಿಕೊಂಡೇ ಕೂತಿರುತ್ತಾರೆ. ನಿಮ್ಮ ಟೇಬಲ್‌ನಲ್ಲಿ ಈ ಒಪ್ಪಿಗೆ ಆಗಿಲ್ಲ. ಮೊದಲ ಆಟಕ್ಕಿಂತ ಮುಂಚೆ ಎಲ್ಲರೂ ಕೂತು ಮಾತಾಡುವ ಸೆಷನ್ ಝೀರೋ ಇದಕ್ಕೇ ಇರುವುದು. ಅದು ತಪ್ಪಿಹೋಗಿದ್ದರೆ ಮುಂದಿನ ಭಾನುವಾರವೇ ಮಾಡಿ, ತಡವಾಗಿಲ್ಲ. ಕೇಳಬೇಕಾದದ್ದು ಇಷ್ಟೇ: ‘ನಮ್ಮ ಪಾತ್ರಗಳ ನಡುವೆ ಗುಟ್ಟು ಇರಬಹುದಾ? ಇದ್ದರೆ ಆಡುವವರಾಗಿ ನಿಮಗೆ ಮೊದಲೇ ತಿಳಿಯಬೇಕಾ, ಬಯಲಾದಾಗಲೇ ತಿಳಿದರೆ ಸಾಕಾ?’ ಇದನ್ನು ಕೇಳಿದ್ದರಿಂದ ಯಾವ ಗುಟ್ಟೂ ಹೊರಬೀಳುವುದಿಲ್ಲ. ಒಬ್ಬರು ಹಾಗೆ, ಒಬ್ಬರು ಹೀಗೆ ಅಂದರೂ ಚಿಂತೆಯಿಲ್ಲ. ತಿಳಿಯಬೇಕು ಅಂದವರಿಗೆ ಹೇಳಿ. ಬೇಡ ಅಂದವರಿಗೆ ಬೇಡ.

ಈಗ ಬೇಡ ಅಂದವರ ವಿಷಯಕ್ಕೆ ಬರುತ್ತೇನೆ. ಅವರಿಂದ ಮುಚ್ಚಿಡುವ ಕೆಲಸ ಅಚ್ಚುಕಟ್ಟಾಗಿರಬೇಕು.

ನಿಮ್ಮ ಮಾಳಿಗೆಯಲ್ಲಿ ಗುಟ್ಟಿನ ಒಳಗಿನ ಮಾತು ಸೋರುವ ಮೊದಲೇ ‘ಗುಟ್ಟೊಂದಿದೆ’ ಅನ್ನುವುದು ಸೋರುತ್ತಿದೆ. ಒಬ್ಬನನ್ನೇ ಕೆಳಗೆ ಕರೆದುಕೊಂಡು ಹೋದರೆ ಉಳಿದವರು ಏನು ತಿಳಿದುಕೊಳ್ಳಬೇಕು ಹೇಳಿ? ಅದಕ್ಕೆ ನಾನು ಎಲ್ಲರಿಗೂ ಚೀಟಿ ಕೊಡುತ್ತೇನೆ. ಪ್ರತಿ ಆಟದಲ್ಲಿ ಎರಡು ಸಲ, ಎಲ್ಲರಿಗೂ, ಒಂದೇ ಅಳತೆಯ ಚೀಟಿ. ಚೀಟಿ ಓದಿದವರು ಏನಾದರೂ ಬರೆದು ವಾಪಸ್ ಕೊಡಲೇಬೇಕು. ಒಬ್ಬರ ಚೀಟಿಯಲ್ಲಿ ‘ನಿಮ್ಮ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುವ ಹಾಗಿದೆ’ ಅಂತ ಇರುತ್ತದೆ. ಇನ್ನೊಬ್ಬರದರಲ್ಲಿ ‘ಈ ಊರಿನ ಬಾವಿ ನೀರು ಉಪ್ಪು’ ಅಂತ. ಕುದುರೆ ವ್ಯಾಪಾರಿಯ ಚೀಟಿಯಲ್ಲಿ ಮಾತ್ರ ಕೆಲಸದ ವಿಷಯ. ನಾಲ್ಕು ಜನ ಏಕಕಾಲಕ್ಕೆ ಬಗ್ಗಿ ಬರೆಯುತ್ತಿರುವಾಗ ಯಾರನ್ನೂ ಯಾರೂ ನೋಡುವುದಿಲ್ಲ. ಸಣ್ಣ ವಿವರದ ಚೀಟಿಗಳೂ ದಂಡವಲ್ಲ. ಆ ಉಪ್ಪು ನೀರಿನಿಂದ ಒಮ್ಮೆ ನಮ್ಮಲ್ಲಿ ಇಡೀ ಒಂದು ಸಂಜೆಯ ಕಥೆ ಹುಟ್ಟಿತ್ತು.

ಕೆಳಗೆ ಕರೆದು ಮಾತಾಡಲೇಬೇಕಾದರೆ ಮಂಡಕ್ಕಿ ಮಿರ್ಚಿಗೆ ಅಂತ ಆಟ ನಿಲ್ಲಿಸಿದಾಗ ಮಾಡಿ. ಅದೂ ಒಬ್ಬೊಬ್ಬರನ್ನೇ, ಎಲ್ಲರನ್ನೂ, ಎರಡೆರಡು ನಿಮಿಷ. ಜಾಸ್ತಿ ಹೊತ್ತು ಬೇಕಾಗುವ ಮಾತಾದರೆ ಅದು ವಾರದ ನಡುವೆ ಫೋನಿನಲ್ಲಿ ಮುಗಿಯಬೇಕು. ನಾಲ್ಕು ಜನ ಬಿಡುವು ಮಾಡಿಕೊಂಡು ಬಂದಿರುತ್ತಾರೆ. ಒಬ್ಬನ ಗುಟ್ಟಿಗಾಗಿ ಮೂವರನ್ನು ಕಾಲು ಗಂಟೆ ಸುಮ್ನೆ ಕೂರಿಸುವುದು ಸರಿಯಲ್ಲ, ಅಲ್ವಾ?

ಆಟದ ನಡುವೆ ವಾಟ್ಸಾಪ್ ಬೇಡವೇ ಬೇಡ. ಫೋನ್ ಬೆಳಗುತ್ತದೆ, ಬೀಗ ಹಾಕಿದ ಪರದೆಯ ಮೇಲೂ ಮೊದಲ ಸಾಲು ಕಾಣುತ್ತದೆ. ಗ್ರೂಪಿನಲ್ಲಿ ಅಳಿಸಿದರೂ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಗುರುತು ಉಳಿಯುತ್ತದೆ. ಓದದವರಿಗೂ ಅನುಮಾನ ಹುಟ್ಟಿಸಲು ಆ ಗುರುತು ಸಾಕು. ಬೇರೆ ಭಾಷೆಯಲ್ಲಿ ಪಿಸುಗುಟ್ಟುವುದೂ ನಮ್ಮ ಊರುಗಳಲ್ಲಿ ನಡೆಯದು. ಬಳ್ಳಾರಿಯಲ್ಲಿ ತೆಲುಗು ಬಾರದವರು ಯಾರಿದ್ದಾರೆ? ರಾಯಚೂರಿನಲ್ಲಿ ಅದರ ಜೊತೆ ಉರ್ದುವೂ ಎಲ್ಲರ ಕಿವಿಗೆ ಬೀಳುತ್ತದೆ.

ಚೀಟಿಗಿಂತ ಜಾಸ್ತಿ ಗುಟ್ಟು ಒಡೆಯುವುದು ದಾಳದಿಂದ. ‘ಡಿಸೆಪ್ಶನ್ ಹಾಕು’, ಅಂದರೆ ಮೋಸದ ದಾಳ ಹಾಕು, ಅಂತ ಟೇಬಲ್ ಮೇಲೆ ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನೀವೇ ಸಾರಿದ ಹಾಗೆ. ‘ಎಲ್ಲರೂ ಪರ್ಸೆಪ್ಷನ್ ಹಾಕಿ’, ಅಂದರೆ ಕಣ್ಣಿಗೆ ಏನಾದರೂ ಬೀಳುತ್ತದಾ ಅಂತ ದಾಳ ಹಾಕಿ, ಅಂದರೂ ಅಷ್ಟೇ. ಯಾರಿಗೂ ಏನೂ ಕಾಣದಿದ್ದರೂ, ಕಾಣಬೇಕಾದದ್ದು ಏನೋ ಇತ್ತು ಅಂತ ತಿಳಿದುಹೋಗುತ್ತದೆ. ನೀವು ಆಡುವ ನಿಯಮದಲ್ಲೇ ಇದಕ್ಕೆ ಒಳ್ಳೆಯ ದಾರಿ ಇದೆ. ಪಾತ್ರದ ಪರ್ಸೆಪ್ಷನ್ ಬೋನಸ್‌ಗೆ 10 ಕೂಡಿಸಿದರೆ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ದಾಳ ಹಾಕದೆಯೇ ಗಮನಿಸುವ ಅಂಕಿ, ಬರುತ್ತದೆ. ನಿಮ್ಮ ತಂಗಿಯ ಪಾತ್ರದ ಬೋನಸ್ 5 ಅಂದುಕೊಳ್ಳಿ. ಅವಳ ಅಂಕಿ 15. ವ್ಯಾಪಾರಿ ಜೀನಿನ ಹೊಲಿಗೆಯೊಳಗೆ ಪತ್ರ ತುರುಕುವಾಗ ಅವನ ಸ್ಲೈಟ್ ಆಫ್ ಹ್ಯಾಂಡ್, ಅಂದರೆ ಕೈಚಳಕದ ಅಂಕಿ, 14 ಬಂದರೆ ಅವಳ ಕಣ್ಣಿಗೆ ಬಿತ್ತು. 17 ಬಂದರೆ ಬೀಳಲಿಲ್ಲ. ಅವಳು ದಾಳ ಮುಟ್ಟುವ ಪ್ರಮೇಯವೇ ಇಲ್ಲ.

ಹಾಗಾದರೆ ಆ 14, 17 ಎಲ್ಲಿಂದ ಬರಬೇಕು? ಆಟ ಶುರುವಾಗುವ ಮುಂಚೆ ಎಲ್ಲರ ಕೈಯಲ್ಲೂ ಇಪ್ಪತ್ತು ಮುಖದ ದಾಳವನ್ನು ಹತ್ತು ಸಲ ಹಾಕಿಸಿ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಗುಟ್ಟಿನ ಕೆಲಸ ಬಂದಾಗ ಆ ಪಟ್ಟಿಯ ಮುಂದಿನ ಅಂಕಿ ತೆಗೆದುಕೊಂಡು ಅದಕ್ಕೆ ಬೋನಸ್ ಕೂಡಿಸಿ, ಹೊಡೆದುಹಾಕಿ. ದಾಳ ಹಾಕಿದವರು ಅವರೇ, ಹಾಗಾಗಿ ನೀವು ಅಂಕಿ ತಿರುಚಿದಿರಿ ಅನ್ನುವ ಮಾತೂ ಬರುವುದಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಸಿಕ್ಕಿಲ್ಲ.

ಕಾಗದಗಳ ಬಗ್ಗೆಯೂ ಒಂದು ಮಾತು. ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟ್ ಟೇಬಲ್ ಮೇಲೆ ಬಿದ್ದಿರುತ್ತದೆ, ಎದುರು ಕೂತವರು ತಲೆಕೆಳಗಾಗಿಯೂ ಓದುತ್ತಾರೆ. ಅದರಲ್ಲಿ ಊರಿಗೆ ಗೊತ್ತಿರುವ ವಿಷಯ ಮಾತ್ರ ಇರಲಿ. ಗುಟ್ಟನ್ನು ಬೇರೆ ಹಾಳೆಯಲ್ಲಿ ಬರೆಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿ. ಅಂಟಿನ ಮೇಲೆ ಅವರೇ ಸಹಿ ಮಾಡಿ ತಾರೀಖು ಹಾಕಲಿ. ಬಯಲಾಗುವ ದಿನ ಎಲ್ಲರೆದುರು ಒಡೆಯಿರಿ. ಅವತ್ತಿಗೆ ಹೊಸೆದ ಕಥೆ ಅದಲ್ಲ, ಶುರುವಿನಿಂದಲೂ ಹಾಗೇ ಇತ್ತು ಅಂತ ತಾರೀಖೇ ಹೇಳುತ್ತದೆ. ಆ ಲಕೋಟೆ ಹರಿಯುವ ಸದ್ದು ಕೇಳುವಾಗ ಮಾಳಿಗೆ ಮೇಲೆ ಎಷ್ಟು ನಿಶ್ಶಬ್ದ ಇರುತ್ತದೆ ಅಂತ ನೀವೇ ನೋಡುತ್ತೀರಿ.

ಇನ್ನು ಮೆಸೇಜ್ ಓದಿದ ಗೆಳೆಯನ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಆಡುವವರಿಗೆ ಗೊತ್ತಿರುವುದನ್ನು ಪಾತ್ರಕ್ಕೂ ಗೊತ್ತಿರುವ ಹಾಗೆ ಆಡುವುದನ್ನು ಮೆಟಾಗೇಮಿಂಗ್ ಅನ್ನುತ್ತಾರೆ. ಅವನು ಮಾಡುತ್ತಿರುವುದು ಅದನ್ನೇ. ಆದರೂ ಅವನನ್ನು ಬೈಯಬೇಡಿ. ಎಲ್ಲರೆದುರು ‘ನಿನ್ನ ಪಾತ್ರಕ್ಕೆ ಅದು ಹೇಗೆ ಗೊತ್ತು?’ ಅಂತ ಹಿಡಿಯಬೇಡಿ. ಕೇಳಿದರೆ ಉಳಿದ ಇಬ್ಬರಿಗೂ ತಿಳಿದುಹೋಗುತ್ತದೆ. ಅವನು ಕದ್ದು ಓದಿಲ್ಲ, ನೀವೇ ಕಳಿಸಿದ್ದು. ಓದಿದ್ದನ್ನು ಮರೆಯುವುದು ಯಾರಿಂದಲೂ ಆಗುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಒಬ್ಬನೇ ಕೂರುವುದು ಅವನಿಗೂ ಹಿಂಸೆಯೇ. ಬೆನ್ನು ಹತ್ತಿರುವುದು ಅದರಿಂದ ಹೊರಬರಲು ಇರಬಹುದು.

ಅವನ ಜೊತೆ ಒಬ್ಬನೇ ಇರುವಾಗ ಹೇಳಿ: ‘ಓದಿದ್ದೀಯ ಅಂತ ನನಗೆ ಗೊತ್ತು. ತಪ್ಪು ನನ್ನದು. ಈಗ ಈ ಗುಟ್ಟು ಕಾಯುವವರು ನಾವು ಮೂವರು. ಅದು ಚೆಂದಾಗಿ ಬಯಲಾಗಲು ನಿನ್ನ ನೆರವು ಬೇಕು.’ ಆಮೇಲೆ ಅವನಿಗೆ ಒಂದು ಕೆಲಸ ಕೊಡಿ. ಅವನ ಪಾತ್ರ ಇಡೀ ಗುಂಪಿನಲ್ಲಿ ವ್ಯಾಪಾರಿಯನ್ನು ಎಲ್ಲರಿಗಿಂತ ಜಾಸ್ತಿ ನಂಬಲಿ. ಬೆನ್ನು ಹತ್ತಿದ್ದೆನಲ್ಲ, ಏನೂ ಸಿಗಲಿಲ್ಲ, ಪಾಪ ಒಳ್ಳೆಯ ಮನುಷ್ಯ ಅಂತ ಅವನೇ ಒಪ್ಪಿಕೊಳ್ಳಲಿ. ನಾಯಕನ ಮುಂದೆ ‘ಇವನಿಗೆ ನಾನು ಜಾಮೀನು’ ಅಂತ ನಿಲ್ಲಲಿ. ಗೊತ್ತಿದ್ದವನು ಮಾತ್ರ ಇಷ್ಟು ಸರಿಯಾದ ಜಾಗದಲ್ಲಿ ಮೋಸ ಹೋಗಬಲ್ಲ. ಸೋರಿದ ಗುಟ್ಟು ನಿಮ್ಮ ಕಥೆಯ ಅತ್ಯಂತ ಒಳ್ಳೆಯ ಭಾಗ ಆಗಬಹುದು. ನಾನು ಇದನ್ನು ಎರಡು ಸಲ ಮಾಡಿದ್ದೇನೆ. ಎರಡು ಸಲವೂ ಅವರು ನನಗಿಂತ ಚೆನ್ನಾಗಿ ಗುಟ್ಟು ಕಾಯ್ದರು.

ನಿಮ್ಮ ವ್ಯಾಪಾರಿಗೂ ಕೆಲಸ ಹೇಳಬೇಕು. ಗುಟ್ಟು ಇಟ್ಟುಕೊಂಡು ಸುಮ್ಮನೆ ಕೂತರೆ ಅದರಿಂದ ಕಥೆಗೆ ಏನೂ ಸಿಗದು. ಪ್ರತಿ ಆಟದಲ್ಲಿ ಎಲ್ಲರಿಗೂ ಕಾಣುವ ಒಂದು ಕೆಲಸ ಅವನು ಮಾಡಲಿ. ಕೋಟೆ ಬಾಗಿಲಲ್ಲಿ ಕಾವಲುಗಾರರನ್ನು ಎಣಿಸಲಿ. ಗುಡಿಯಲ್ಲಿ ಆಣೆ ಇಡುವಾಗ ಹಿಂದೆ ಸರಿಯಲಿ. ತಂದ ಕುದುರೆಗಳ ಲೆಕ್ಕದಲ್ಲಿ ಒಂದು ಕಡಿಮೆ ಬರಲಿ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ದೊಡ್ಡ ಕಲ್ಲಿದೆ. ಅದನ್ನು ಕೋಣಗಳು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ನಿಮ್ಮ ಗೂಢಚಾರ ಪತ್ರ ಕೈಬದಲಿಸಲು ಅದಕ್ಕಿಂತ ಒಳ್ಳೆಯ ಗುರುತು ಬೇಕೇ? ಅವನು ಆ ಕೋಣಗಳ ಮುಂದೆ ಮೂರು ಸಲ ನಿಂತದ್ದು ಎಲ್ಲರೂ ಕಂಡಿರಲಿ. ಬಯಲಾದ ದಿನ ‘ಅಯ್ಯೋ, ನಮ್ಮ ಕಣ್ಣ ಮುಂದೇ ಇತ್ತಲ್ಲ’ ಅನ್ನಬೇಕು. ಹಾಗೆ ಅನ್ನುವವರಿಗೆ ಮೋಸ ಹೋದೆವು ಅಂತ ಅನ್ನಿಸುವುದಿಲ್ಲ.

ಬಯಲಾಗುವ ದಿನವನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ನಿಮ್ಮ ಗೆಳೆಯನನ್ನೇ ಕೇಳಿ, ಹೇಗೆ ಸಿಕ್ಕಿಬೀಳಲು ಇಷ್ಟ ಅಂತ. ಇನ್ನು ನಾಲ್ಕು ಭಾನುವಾರ ಸಾಕು, ಅದಕ್ಕಿಂತ ಜಾಸ್ತಿ ಎಳೆಯಬೇಡಿ. ನಿಮ್ಮ ಕಥೆಗೆ ಇತಿಹಾಸವೇ ಒಂದು ಒಳ್ಳೆಯ ಜಾಗ ಕೊಟ್ಟಿದೆ. ಆ ಯುದ್ಧದ ಬಗ್ಗೆ ವಿವರವಾಗಿ ಬರೆದ ಪೋರ್ಚುಗೀಸ್ ನೂನಿಜ್ ತಾನೂ ಕುದುರೆ ವ್ಯಾಪಾರಿ. ಅವನು ಹೇಳುವ ಪ್ರಕಾರ ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲು ಒಬ್ಬ ವ್ಯಾಪಾರಿಯ ಕೈಗೆ 40,000 ಪರ್ದಾವೊ ನಾಣ್ಯ ಕೊಟ್ಟ. ಆ ಮನುಷ್ಯ ಹಣದ ಸಮೇತ ಬಿಜಾಪುರದ ಸುಲ್ತಾನ ಆದಿಲ್ ಶಾಹನ ಕಡೆ ಓಡಿಹೋದ. ಅವನನ್ನು ಒಪ್ಪಿಸಿ ಅಂತ ರಾಯ ಕೇಳಿದ, ಅವರು ಒಪ್ಪಿಸಲಿಲ್ಲ. ದಂಡು ರಾಯಚೂರಿನ ಕಡೆ ಹೊರಟಿತು. ನಿಮ್ಮ ವ್ಯಾಪಾರಿಯ ಕೈಗೂ ಅಂಥದೊಂದು ಹಣದ ಚೀಲ ಬರಲಿ. ಮೆಸೇಜ್ ಓದಿದ ಗೆಳೆಯನ ಪಾತ್ರವೇ ಅದನ್ನು ಅವನ ಕೈಗಿಡಲಿ. ಆ ರಾತ್ರಿ ಅವನು ಓಡುತ್ತಾನೋ, ಉಳಿಯುತ್ತಾನೋ? ಇದನ್ನು ಮಾತ್ರ ಮೊದಲೇ ತೀರ್ಮಾನಿಸಬೇಡಿ. ಗುಟ್ಟು ಗೊತ್ತಿರುವ ನಿಮ್ಮ ಮೂವರಿಗೂ ಆಗ ಎದೆ ಹೊಡೆದುಕೊಳ್ಳಬೇಕು.

ಒಂದು ವಿಷಯದಲ್ಲಿ ನಾನು ಗಟ್ಟಿ. ಗುಟ್ಟಿನ ಹೆಸರಲ್ಲಿ ಗೆಳೆಯರ ಪಾತ್ರದ ಸಾಮಾನು ಕದಿಯುವುದು, ಅವರು ಮಲಗಿದಾಗ ವಿಷ ಹಾಕುವುದು, ಇಂಥದ್ದಕ್ಕೆ ಆ ಪಾತ್ರ ಆಡುವವರ ಒಪ್ಪಿಗೆ ಇಲ್ಲದೆ ನನ್ನ ಟೇಬಲ್‌ನಲ್ಲಿ ಜಾಗವಿಲ್ಲ. ‘ನನ್ನ ಪಾತ್ರ ಅಂಥದ್ದು’ ಅನ್ನುವ ಮಾತನ್ನು ನಾನು ಕೇಳುವುದಿಲ್ಲ. ಆ ಪಾತ್ರವನ್ನು ಹಾಗೆ ಕಟ್ಟಿದ್ದು ಅವರೇ ಅಲ್ಲವೇ? ವ್ಯಾಪಾರಿ ಕೋಟೆಯ ಗುಟ್ಟನ್ನು ಬಿಜಾಪುರಕ್ಕೆ ಕಳಿಸಲಿ, ಅದು ಕಥೆ. ನಿಮ್ಮ ತಂಗಿಯ ಪಾತ್ರ ವರ್ಷವಿಡೀ ಕೂಡಿಟ್ಟ ಬಂಗಾರ ಹಾರಿಸಿದರೆ ಅವಳ ಭಾನುವಾರಗಳನ್ನೇ ಹಾರಿಸಿದ ಹಾಗೆ.

ತಂಗಿಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಮುಂಚೆ ಅವಳನ್ನು ಕೂರಿಸಿಕೊಂಡು ಕೇಳಿ, ಯಾಕೆ ಓದುತ್ತೀಯ ಅಂತ. ಮುಂದೇನಾಗುತ್ತೆ ಅಂತ ತಡೆಯಲಾಗದೆ ಓದುವವರು ಬಹಳ. ಅದು ನಿಮ್ಮ ಕಥೆಯ ಮೇಲಿನ ಪ್ರೀತಿ. ಅಂಥವರು ‘ಮೊದಲೇ ತಿಳಿಯಬೇಕು’ ಅನ್ನುವ ಬಗೆಯ ಆಟಗಾರರು. ಅವಳೂ ಹಾಗೇ ಅಂದರೆ ಕುದುರೆ ವ್ಯಾಪಾರಿಯ ಒಪ್ಪಿಗೆ ಕೇಳಿ ಅವಳಿಗೆ ಹೇಳಿಬಿಡಿ. ಬೇಡ, ನನಗೆ ಆಟದಲ್ಲೇ ತಿಳಿಯಲಿ ಅಂದರೆ ಇನ್ನು ಮುಟ್ಟುವುದಿಲ್ಲ ಅಂತ ಮಾತು ತೆಗೆದುಕೊಳ್ಳಿ, ಆ ಮಾತನ್ನು ನಂಬಿ. ಎರಡರಲ್ಲಿ ಯಾವುದಾದರೂ ಸರಿ, ಅವಳ ಪಾತ್ರಕ್ಕೂ ಒಂದು ಲಕೋಟೆ ಕೊಡಿ. ನಾಲ್ಕನೆಯ ಗೆಳೆಯನಿಗೂ ಒಂದು. ಅವನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಈ ಗದ್ದಲದಲ್ಲಿ ಅವನ ಪಾತ್ರ ಏನು ಮಾಡುತ್ತಿದೆ ಅಂತ ಈ ಭಾನುವಾರ ಮೊದಲು ಅವನನ್ನೇ ಕೇಳಿ.